ಸೈಮಿಯ ಸೌನಾ ಕಲ್ಲುಗಳು

ಕೆಲೊವಾರಾ, ಲ್ಯಾಪ್‌ಲ್ಯಾಂಡ್
15 ಜನವರಿ 1978

ಪ್ರೀತಿಯ ಹೈಮೋ ಚಿಕ್ಕಪ್ಪನಿಗೆ,

ನಿಮ್ಮ ನಾಯಿ ಕ್ಷೇಮ. ನೀವು ಮೊದಲು ಕೇಳುವುದು ಅದನ್ನೇ ಎಂದು ಗೊತ್ತಿರುವುದರಿಂದ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ನಿಮ್ಮ ಅಣ್ಣನ ಮಗಳೂ ಕ್ಷೇಮ. ಆ ಮಾಹಿತಿ ನಿಮಗೆ ಬೇಕಾಗುವುದು ಎರಡನೆಯ ಪುಟದಲ್ಲಿ.

ನಿಕ್ಕಲ್ ಹುಡುಕುತ್ತಿರುವ ನಮ್ಮ ಕಂಪನಿಯ ಮಟ್ಟಿಗೆ ಮಾತ್ರ ಕ್ಷೇಮವೇನೂ ಇಲ್ಲ. ಜೌಗು ಹೆಪ್ಪುಗಟ್ಟಿದ ಮೇಲೆ ಹಿಮದ ಮೇಲೆ ದೊಡ್ಡ ಚೌಕವಾಗಿ ತಂತಿ ಹಾಸಿ ವಿದ್ಯುತ್ ಹರಿಸಿದೆವು. ನಾನು ಯಂತ್ರವನ್ನು ಎದೆಗೆ ಕಟ್ಟಿಕೊಂಡು, ಸ್ಕೀ ಮೆಟ್ಟಿ, ನೆಲದಡಿಯಿಂದ ಯಾರಾದರೂ ಓಗೊಡುತ್ತಾರೆಯೇ ಎಂದು ಡಿಸೆಂಬರ್‌ವರೆಗೂ ಅಲೆದೆ. ಓಗೊಟ್ಟರು. ಒಂದಲ್ಲ, ಮೂರು ಕಡೆ. ಮೊದಲ ಎರಡು ಕಡೆ ಬೋರ್ ಹಾಕಿಸಿದೆ. ಕೆಳಗಿನಿಂದ ಬಂದ ಕಲ್ಲಿನ ಕೋಲನ್ನು ಮುಟ್ಟಿದ ನನ್ನ ಕೈ ಇನ್ನೂ ಕಪ್ಪಾಗಿದೆ. ಗ್ರಾಫೈಟ್! ಪೆನ್ಸಿಲ್ಲಿನ ಸೀಸ, ಚಿಕ್ಕಪ್ಪ! ವಿದ್ಯುತ್ತಿಗೆ ಭೇದಭಾವವಿಲ್ಲ ನೋಡಿ. ನಿಕ್ಕಲ್ ಅದಿರಿನಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೋ ಪೆನ್ಸಿಲ್ಲಿನಲ್ಲೂ ಅಷ್ಟೇ ಸಲೀಸಾಗಿ ಹರಿಯುತ್ತದೆ. ಬೋರ್ ತಂಡದ ಮೇಸ್ತ್ರಿ ತಾರ್ಮೋ ನನ್ನನ್ನು ಸಮಾಧಾನಪಡಿಸಲು ಬಂದ. “ಬೇಜಾರ್ ಮಾಡ್ಕೋಬೇಡಿ ಮೇಡಂ. ದೇಶದ ಮಕ್ಕಳಿಗೆಲ್ಲಾ ನೂರು ವರ್ಷಕ್ಕಾಗೋಷ್ಟು ಪೆನ್ಸಿಲ್ ಸಿಕ್ತು. ಮುಂದಿನ ವರ್ಷ ರಬ್ಬರ್ ಹುಡುಕೋಣ.”

ಹೆಲ್ಸಿಂಕಿಯಿಂದ ನಿರ್ದೇಶಕರ ಪತ್ರ ಬಂದಿದೆ. ಹಿಮ ಕರಗುವ ಮೊದಲು ಇನ್ನೊಂದೇ ಒಂದು ಬೋರ್. ಎಲ್ಲಿ ಎಂದು ನಾನೇ ಹೇಳಬೇಕು. ಅದೂ ಖಾಲಿಯಾದರೆ ತಂಡಕ್ಕೆ ಬೀಗ, ನನಗೆ ಕಚೇರಿಯ ನಕ್ಷೆಕೋಣೆ. ಹೆಣ್ಣೊಬ್ಬಳನ್ನು ತಂಡದ ಮುಂದೆ ನಿಲ್ಲಿಸಿ ನೋಡಿದ್ದಾಯಿತು ಎಂದು ಅಲ್ಲಿ ಕೆಲವರು ನೆಮ್ಮದಿಯ ಕಾಫಿ ಕುಡಿಯುತ್ತಾರೆ. ನಕ್ಷೆಕೋಣೆಗೆ ಕಿಟಕಿ ಇಲ್ಲ ಚಿಕ್ಕಪ್ಪ. ಎಂಟನೆಯ ವಯಸ್ಸಿನಿಂದ ನಿಮ್ಮ ಹಿಂದೆ, ನಾಯಿಗಳ ಹಿಂದೆ ಕಾಡು ಸುತ್ತಿದವಳು ನಾನು.

ಈಗ ವಿಷಯಕ್ಕೆ ಬರುತ್ತೇನೆ. ಖರ್ಚು ಉಳಿಸಲು ಜೌಗಿನ ಬದಿಯ ಬಿಡಾರ ಮುಚ್ಚಿದ್ದಾರೆ. ನಾನೀಗ ಸೈಮಿಯವರ ಮನೆಯ ಬಾಡಿಗೆ ಕೋಣೆಯಲ್ಲಿದ್ದೇನೆ. ಆಗಸ್ಟಿನಲ್ಲಿ ನೀವು ನಾಯಿ ಟೆಸ್ಸುವನ್ನು ನನ್ನ ಬಳಿ ಬಿಡಲು ಕರೆತಂದು ಒಂದು ವಾರ ಉಳಿದಿದ್ದಿರಲ್ಲ, ಅದೇ ಮನೆ. ನಿನ್ನೆ ಶನಿವಾರ, ಹಬೆಸ್ನಾನಕ್ಕೆಂದು ಸೌನಾ ಕೋಣೆ ಕಾಯಿಸಿದ್ದರು. ನಾನು ಬಾಗಿಲು ತೆರೆದದ್ದೇ ತಡ, ಟೆಸ್ಸು ನನ್ನ ಕಾಲ ಸಂದಿಯಿಂದ ಒಳಗೆ ನುಗ್ಗಿ, ಒಲೆಯ ಮೇಲೆ ಪೇರಿಸಿದ ಕಲ್ಲುಗಳ ಎದುರು ಕುಳಿತು, ಬೊಗಳಿ, ಮುಂಗಾಲಿನಿಂದ ನೆಲ ಕೆರೆಯಿತು. ಬೊಗಳು, ಕೆರೆತ, ಮತ್ತೆ ಬೊಗಳು. ನೀವೇ ಕಲಿಸಿದ ಕ್ರಮ. “ಇಲ್ಲಿ ಗಂಧಕದ ಅದಿರಿದೆ, ಬಿಸ್ಕತ್ತು ಕೊಡಿ” ಎಂದು ಅದರ ಅರ್ಥ. ನಿಕ್ಕಲ್ ಇರುವುದೂ ಗಂಧಕದ ಜೊತೆಗೇ ಅಲ್ಲವೇ?

ಕಾದ ಕಲ್ಲಿಗೆ ನೀರು ಚಿಮುಕಿಸಿದೆ. ಹಬೆಯ ಜೊತೆಗೆ ಒಂದು ಪೆಟ್ಟಿಗೆ ಬೆಂಕಿಕಡ್ಡಿಯನ್ನು ಒಟ್ಟಿಗೆ ಗೀರಿದ ವಾಸನೆ ಬಂತು. ಸೈಮಿಯವರನ್ನು ಕೇಳಿದರೆ, “ಸೌನಾಕ್ಕೆ ನೆಗಡಿಯಾಗಿದೆ, ಹೋಗತ್ತೆ ಬಿಡು” ಎಂದರು. ಚಿಕ್ಕಪ್ಪ, ಆಗಸ್ಟಿನಲ್ಲಿ ಆ ಒಲೆಯಲ್ಲಿದ್ದವು ಪುಡಿಪುಡಿಯಾಗುವ ಹಳೆಯ ಕಲ್ಲುಗಳು. ಇವು ಹೊಸವು: ಕಪ್ಪಗೆ, ಭಾರವಾಗಿ, ನಿಕ್ಕಲ್ ಹುಡುಕುವವರೆಲ್ಲ ಕನಸಿನಲ್ಲಿ ಕಾಣುವಂಥ ಕಲ್ಲುಗಳು.

ನಾಯಿಯ ಮಾತನ್ನು ನಂಬಲೇ? ಬೇಗ ಬರೆಯಿರಿ.

ನಿಮ್ಮ
ಸಿನಿಕ್ಕಾ


ಕಿವಿಸಾಲ್ಮಿ, ಕರೇಲಿಯಾ
23 ಜನವರಿ

ಪುಟ್ಟಿ,

ನಿನ್ನ ಪತ್ರ ಬಂತು. ಇಲ್ಲಿ ಚಳಿ ಜೋರಾಗಿದೆ. ಮೊನ್ನೆ ಗಣಿಯ ಸೈರನ್ ಕೂಡ ಹೆಪ್ಪುಗಟ್ಟಿ ಕೆಮ್ಮಿದಂತೆ ಕೂಗಿತು. ಪಕ್ಕದ ಮನೆಯವರು ಹೊಸ ಕಾರು ಕೊಂಡಿದ್ದಾರೆ, ಅದು ಹೊರಡುವುದಿಲ್ಲ. ಕೆರೆಯಲ್ಲಿ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಕೂತೆ, ಸಣ್ಣದೊಂದು ಸಿಕ್ಕಿತು, ಅದರ ಮುಖ ನೋಡಿ ವಾಪಸ್ಸು ಬಿಟ್ಟೆ. ಹವಾಮಾನದ ವಿಷಯ ಇಷ್ಟು.

ನಾಯಿಯ ವಿಷಯ. ಟೆಸ್ಸುವಿಗೆ ವಯಸ್ಸಾಯಿತು. ಸೌನಾ ಒಲೆಯ ಮೇಲೆ ಜನ ಸಾಸೇಜ್ ಸುಡುತ್ತಾರೆ, ಕೊಬ್ಬು ಕಲ್ಲಿಗೆ ಇಳಿಯುತ್ತದೆ. ಅದು ಬೊಗಳಿದ್ದು ಸಾಸೇಜಿಗೆ. ಹೆಚ್ಚು ತಲೆ ಕೆಡಿಸಿಕೊಳ್ಳಬೇಡ.

ವಾಸನೆ ತುಂಬಾ ಇದೆಯೇ? ಸೈಮಿಯವರಿಗೆ ತೊಂದರೆಯಾಗುತ್ತಿದೆಯೇ? ಅವರು ಆ ಕಲ್ಲುಗಳ ಬಗ್ಗೆ ಏನಾದರೂ ಬೇಸರದಿಂದ ಹೇಳಿದರೇ? ಹಬೆ ಚೆನ್ನಾಗಿ ಬರುತ್ತಿದೆಯೇ, ಮೃದುವಾಗಿ? ಸುಮ್ಮನೆ ಕೇಳಿದೆ. ಸೌನಾದ ವಿಷಯದಲ್ಲಿ ನನಗೆ ಸಾಮಾನ್ಯ ಆಸಕ್ತಿ ಇದೆ.

ನನ್ನ ಮಂಡಿ ಹಾಗೇ ಇದೆ. ಅಕ್ಟೋಬರಿನಲ್ಲಿ ಬಿಸಿನೀರಿನ ಚಿಕಿತ್ಸೆಗೆಂದು ಹೋಗಿದ್ದೆನಲ್ಲ, ಅದರಿಂದ ನೋವು ಇನ್ನಷ್ಟು ಹೆಚ್ಚಾಯಿತು. ವೈದ್ಯರನ್ನು ನಂಬಬಾರದು.

ನಿನ್ನ ಬೋರಿಗೆ ನೀನೇ ಜಾಗ ಹುಡುಕು. ಯಂತ್ರ ಹೊತ್ತವಳು ನೀನು. ಮೂರು ಕಡೆ ಓಗೊಟ್ಟಿತು ಅಂದೆ, ಎರಡು ಆಯಿತು. ಮೂರನೆಯದು ಏನಾಯಿತು?

ಬೆಚ್ಚಗಿರು. ಉಣ್ಣೆಯ ಕಾಲುಚೀಲ ಎರಡೆರಡು ಹಾಕು.

ಚಿಕ್ಕಪ್ಪ


ಕೆಲೊವಾರಾ
5 ಫೆಬ್ರುವರಿ

ಸಾಸೇಜ್ ಇಲಾಖೆಯ ಮುಖ್ಯಸ್ಥರಾದ ಹೈಮೋ ಕುಯಿತ್ತಿನೆನ್ ಅವರ ಸನ್ನಿಧಿಗೆ,

ತಮ್ಮ ಆದೇಶ ತಲುಪಿತು. ಆಕ್ಷೇಪಣೆ ಸಲ್ಲಿಸುತ್ತಿದ್ದೇನೆ.

ಒಂದು ಕಲ್ಲನ್ನು ಎತ್ತಿಕೊಂಡು ಹೋಗಿ ಸುತ್ತಿಗೆಯಿಂದ ಒಡೆದೆ. ಒಳಗೆ ಕಂಚಿನ ಬಣ್ಣದ ಚುಕ್ಕೆಗಳು ಜೀರಿಗೆ ಚೆಲ್ಲಿದಂತೆ ಹರಡಿದ್ದವು. ನಿಕ್ಕಲ್ ಇದ್ದರೆ ಕಾಗದವನ್ನು ಗುಲಾಬಿ ಮಾಡುವ ಔಷಧ ನನ್ನ ಪೆಟ್ಟಿಗೆಯಲ್ಲಿರುತ್ತದಲ್ಲ, ಅದನ್ನು ಹಾಕಿದೆ. ಕಾಗದ ಗುಲಾಬಿಯಾಯಿತು, ನಾಚಿದ ಮದುಮಗಳ ಕೆನ್ನೆಯಂತೆ. ಜಗತ್ತಿನ ಯಾವ ಸಾಸೇಜಿಗೂ ಈ ಶಕ್ತಿ ಇಲ್ಲ ಎಂದು ಮಾನ್ಯರ ಗಮನಕ್ಕೆ ತರುತ್ತೇನೆ.

ಈಗ ತಮಾಷೆ ಬಿಟ್ಟು ಕೇಳುತ್ತೇನೆ. ಗಣಿಯ ಎಂಜಿನಿಯರುಗಳೆಲ್ಲ ನಕ್ಕಾಗ ಸಭೆಯ ನಡುವೆ ಎದ್ದು ನಿಂತು, “ಈ ನಾಯಿಗೆ ಸಂಬಳ ಇಲ್ಲ, ಬಡ್ತಿ ಇಲ್ಲ, ಸುಳ್ಳು ಹೇಳೋಕೆ ಕಾರಣವೂ ಇಲ್ಲ” ಎಂದವರು ನೀವಲ್ಲವೇ? ಎಲ್ವಿ ಚಿಕ್ಕಮ್ಮ ಆ ಮಾತನ್ನು ಎಷ್ಟು ಸಲ ಹೇಳಿ ನಗುತ್ತಿದ್ದಳು! ಆ ಮನುಷ್ಯ ಈಗ ಅದೇ ನಾಯಿಗೆ ವಯಸ್ಸಾಯಿತು ಎನ್ನುತ್ತಿದ್ದಾನೆ. ಟೆಸ್ಸುವಿಗೆ ನಿಮ್ಮ ಪತ್ರ ಓದಿ ಹೇಳಿಲ್ಲ. ಅದಕ್ಕೆ ಹೃದಯ ಒಡೆಯುತ್ತದೆ.

ಕಲ್ಲು ಎಲ್ಲಿಯದು ಎಂದು ಸೈಮಿಯವರನ್ನು ಕೇಳಿದೆ.

“ತಂದೋರು ತಂದ್ರು. ನೀನು ಕಾಫಿ ಕುಡಿ.”

“ಯಾರು ತಂದ್ರು?”

“ಬನ್ ತಗೋ. ಏಲಕ್ಕಿ ಜಾಸ್ತಿ ಹಾಕಿದೀನಿ.”

ತೀರಿಹೋದ ಗಂಡ ಎಂದೋ ತಂದಿಟ್ಟದ್ದನ್ನು ಈಗ ಒಲೆಗೆ ಹಾಕಿಸಿರಬೇಕು, ನೆನೆದು ದುಃಖವಾಯಿತೇನೋ ಎಂದು ಸುಮ್ಮನಾದೆ. ಹೆಚ್ಚು ಕೆದಕುವಂತೆಯೂ ಇಲ್ಲ. ಎಲ್ಲಿ ಬೋರ್ ಹಾಕುತ್ತೇವೆಂದು ಊರಿನವರಿಗೆ ಸುಳಿವು ಕೊಡಬಾರದು ಎಂದು ಕಂಪನಿಯ ಕಟ್ಟಪ್ಪಣೆ. ಬೇರೆ ಕಂಪನಿಯವರು ಮೊದಲೇ ಬಂದು ಗೂಟ ನೆಟ್ಟುಬಿಡುತ್ತಾರೆ. ಅವರು ಕಲ್ಲಿನ ಬಗ್ಗೆ ಬಾಯಿ ಬಿಡುವುದಿಲ್ಲ, ನಾನು ಬೋರಿನ ಬಗ್ಗೆ ಬಾಯಿ ಬಿಡುವುದಿಲ್ಲ. ಇಬ್ಬರೂ ಬನ್ ತಿನ್ನುತ್ತೇವೆ.

ಆದರೆ ಸೌನಾಕ್ಕೆ ಕಲ್ಲು ತರಲು ಯಾರೂ ದೂರ ಹೋಗುವುದಿಲ್ಲ. ಮನೆಯ ಹಿಂದೆ, ವಾಯವ್ಯಕ್ಕೆ, ಇಂಥದೇ ಕಪ್ಪು ಕಲ್ಲಿನ ಗುಡ್ಡವಿದೆ. ಹಿಮಯುಗದಲ್ಲಿ ಹಿಮರಾಶಿ ಸರಿದು ಬಂದದ್ದೂ ಅದೇ ದಿಕ್ಕಿನಿಂದ. ಆ ಹಿಮವೇ ಅದಿರಿನ ಚೂರನ್ನು ಗುಡ್ಡದಿಂದ ಕಿತ್ತು ಈ ಅಂಗಳಕ್ಕೆ ಎಳೆದು ತಂದು ಹಾಕಿರಬೇಕು. ಗುಡ್ಡದ ಮೇಲೆ ನನ್ನ ಯಂತ್ರಕ್ಕೆ ಕೇಳಿದ್ದು ಬರಿಯ ಪಿಸುಮಾತು, ನಿಜ. ಮೂರನೆಯ ಜಾಗ ಜೌಗಿನ ನಡುವೆ ಇದೆ. ಅದು ಚೆನ್ನಾಗಿಯೇ ಓಗೊಟ್ಟಿತ್ತು. ಆದರೆ ಮೊದಲ ಎರಡೂ ಚೆನ್ನಾಗಿಯೇ ಓಗೊಟ್ಟಿದ್ದವಲ್ಲ! ನನ್ನ ಕಿವಿಯನ್ನು ನಾನು ನಂಬುವ ಕಾಲ ಮುಗಿಯಿತು. ನಾಯಿಯ ಮೂಗನ್ನು ನಂಬುತ್ತೇನೆ.

ಸೈಮಿಯವರು ನಿಮ್ಮ ವಿಷಯವನ್ನು ಊಟಕ್ಕೆ ಒಂದು ಸಲ ಮಾತ್ರ ಕೇಳುತ್ತಾರೆ. ನಾವು ದಿನಕ್ಕೆ ನಾಲ್ಕು ಸಲ ಊಟ ಮಾಡುತ್ತೇವೆ. ನಿನ್ನೆ “ಮಂಡಿ ಹೇಗಿದ್ಯಂತೆ?” ಎಂದರು. ಆಗಸ್ಟಿನಲ್ಲಿ ನೀವು ಮೇಕೆಮರಿಯಂತೆ ಗುಡ್ಡ ಹತ್ತುತ್ತಿದ್ದಿರಿ. ಆಮೇಲೆ ಬಂದ ಮಂಡಿನೋವು ಅವರಿಗೆ ಹೇಗೆ ಗೊತ್ತಾಯಿತು? ಈ ಊರಿನಲ್ಲಿ ಸುದ್ದಿ ಹರಡುವ ವೇಗಕ್ಕೆ ನನ್ನ ವಿದ್ಯುತ್ತು ನಾಚಬೇಕು.

ನೊಂದಿರುವ,
ಸಿನಿಕ್ಕಾ


ಕಿವಿಸಾಲ್ಮಿ
18 ಫೆಬ್ರುವರಿ

ಪುಟ್ಟಿ,

ಈ ಪತ್ರವನ್ನು ಹಲವು ಸಲ ಶುರು ಮಾಡಿ ಒಲೆಗೆ ಹಾಕಿದೆ. ಒಲೆ ಚೆನ್ನಾಗಿ ಉರಿಯಿತು.

ಗುಡ್ಡ ಬೇಡ. ಯಾಕೆಂದರೆ ಗುಡ್ಡ ಬೇಡ. ಇದು ಯಾವ ಎಂಜಿನಿಯರೂ ಒಪ್ಪುವ ಕಾರಣವಲ್ಲ ಎಂದು ನನಗೂ ಗೊತ್ತು. ಸೌನಾ ಕಲ್ಲನ್ನು ಜನ ಎಲ್ಲಿಂದಲೋ ತರುತ್ತಾರೆ. ಒಳ್ಳೆಯ ಕಲ್ಲು ಸಿಕ್ಕರೆ ಹೊತ್ತುಕೊಂಡು ಹೋಗುವ ಹುಚ್ಚರೂ ಇದ್ದಾರೆ. ಅಂಥವರ ಬಗ್ಗೆ ಕೇಳಿದ್ದೇನೆ.

ನಿನ್ನ ಚಿಕ್ಕಮ್ಮನ ನೀಲಿ ಲೋಟ ಕಪಾಟಿನಲ್ಲಿ ಹಾಗೇ ಇದೆ. ಬೆಳಿಗ್ಗೆ ಕಾಫಿಗೆ ಕೂತಾಗ ಅದು ನನ್ನ ಎದುರಿಗೇ ಇರುತ್ತದೆ. ಅವಳು ಹೋಗಿ ಏಳು ವರ್ಷವಾಯಿತು, ಇನ್ನೂ ಅದರ ಜೊತೆ ಮಾತಾಡುತ್ತೇನೆ. ಈಚೆಗೆ ಸ್ವಲ್ಪ ಕಡಿಮೆ ಮಾತಾಡುತ್ತಿದ್ದೇನೆ. ಯಾಕೆ ಅದನ್ನು ಬರೆದೆನೋ ಗೊತ್ತಿಲ್ಲ. ಹೊಡೆದು ಹಾಕಿದರೆ ಪತ್ರ ಹೊಲಸಾಗುತ್ತದೆ, ಇರಲಿ.

ಟೆಸ್ಸುವಿನ ಬಗ್ಗೆ ನಾನು ಹೇಳಿದ್ದು ತಪ್ಪು. ಅದರ ಮೂಗು ನೆಟ್ಟಗಿದೆ. ನನ್ನದೇ ಕೆಟ್ಟಿದೆ, ಪೈಪ್ ಸೇದಿ ಸೇದಿ ಹತ್ತು ವರ್ಷದಿಂದ ಗುಲಾಬಿಗೂ ಗಂಧಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಗುಡ್ಡ ಬೇಡ.

ಚಿಕ್ಕಪ್ಪ


ಕೆಲೊವಾರಾ
4 ಮಾರ್ಚ್

ಚಿಕ್ಕಪ್ಪ,

ಒಪ್ಪಿಗೆ ಸಿಕ್ಕಿತು. ಗುಡ್ಡಕ್ಕೇ. ನಿರ್ದೇಶಕರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ: ನಾಯಿ, ಒಲೆ, ಗುಲಾಬಿ ಕಾಗದ. ಅವರು ಮೊದಲ ಬಾರಿಗೆ ನಕ್ಕರು, ಆಮೇಲೆ ನಗು ನಿಲ್ಲಿಸಿ, “ನೋಡಮ್ಮ, ಗುಡ್ಡದಲ್ಲೇನೂ ಸಿಗದೆ ಇದ್ರೆ ನೀನು ಕಚೇರಿಗೆ ಬಾ, ನಾಯಿ ಮನೆಗೆ ಹೋಗ್ಲಿ” ಎಂದರು. ಮುಂದಿನ ಸೋಮವಾರ ತಾರ್ಮೋ ಬೋರ್ ಯಂತ್ರವನ್ನು ಜಾರುಬಂಡಿಗೆ ಏರಿಸಿ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುತ್ತಾನೆ. ಆಗಲೇ ಮಧ್ಯಾಹ್ನದ ಬಿಸಿಲಿಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಇದು ಮುಗಿದರೆ ಮತ್ತೊಂದು ಬೋರಿಗೆ ಹಣವೂ ಇಲ್ಲ, ಹಿಮವೂ ಇಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. “ಗುಡ್ಡ ಬೇಡ” ಎನ್ನುತ್ತೀರಿ, ಯಾಕೆ ಎನ್ನುವುದಿಲ್ಲ. ಸಣ್ಣವಳಿದ್ದಾಗ ತೆಳು ಮಂಜುಗಡ್ಡೆಯ ಮೇಲೆ ಹೋಗಬೇಡ ಎನ್ನುವಾಗಲೂ ನೀವು ಯಾಕೆ ಎಂದು ಹೇಳುತ್ತಿದ್ದಿರಿ. ಕೋಲಿನಿಂದ ಕುಟ್ಟಿ ಆ ಟೊಳ್ಳು ಸದ್ದು ಕೇಳಿಸುತ್ತಿದ್ದಿರಿ. ಈಗ ಏನಾಗಿದೆ? ನನ್ನ ಮೇಲೆ ನಂಬಿಕೆ ಹೋಯಿತೇ? ಅಥವಾ ನಿಮಗೆ ಆರೋಗ್ಯ ಸರಿ ಇಲ್ಲವೇ? ಎಲ್ವಿ ಚಿಕ್ಕಮ್ಮನ ಲೋಟದ ಬಗ್ಗೆ ಬರೆದದ್ದು ಓದಿ ಹೆದರಿಕೆಯಾಯಿತು. ಬೋರ್ ಮುಗಿದ ಕೂಡಲೇ ಬಸ್ಸು ಹತ್ತಿ ಬರುತ್ತೇನೆ.

ಖಾಲಿಯಾದರೂ ಚಿಂತೆ ಇಲ್ಲ, ನಾಯಿಯ ಜೊತೆಗೇ ಬರುತ್ತೇನೆ. ಇಬ್ಬರಿಗೂ ಕೆಲಸ ಇರುವುದಿಲ್ಲ.

ಸಿನಿಕ್ಕಾ


ಟೆಲಿಗ್ರಾಂ
ಕಿವಿಸಾಲ್ಮಿ, 11 ಮಾರ್ಚ್

ಬೋರ್ ನಿಲ್ಲಿಸು. ಸೌನಾ ಕಲ್ಲು ಕಿವಿಸಾಲ್ಮಿಯದು. ಅಕ್ಟೋಬರಿನಲ್ಲಿ ಬಸ್ಸಿನಲ್ಲಿ ತಂದವನು ನಾನು. ನಾಯಿ ಸರಿ. ಸೈಮಿಯನ್ನು ಬೈಯಬೇಡ. ಚಿಕ್ಕಪ್ಪ.


ಕೆಲೊವಾರಾ
9 ಏಪ್ರಿಲ್

ಬಿಸಿನೀರಿನ ಚಿಕಿತ್ಸೆ ಪಡೆದ ಚಿಕ್ಕಪ್ಪನಿಗೆ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ನೀವು ಒದ್ದಾಡಿರುತ್ತೀರಿ. ಸ್ವಲ್ಪ ಒದ್ದಾಡಲಿ ಎಂದೇ ಬರೆಯಲಿಲ್ಲ. ಉಳಿದದ್ದಕ್ಕೆ ಬೋರ್ ಕಾರಣ. ಕ್ರಮವಾಗಿ ಹೇಳುತ್ತೇನೆ.

ಇಲ್ಲಿ ಅಂಚೆ ಕಚೇರಿ ಎಂದರೆ ದಿನಸಿ ಅಂಗಡಿಯ ಒಂದು ಮೂಲೆ. ಟೆಲಿಗ್ರಾಂ ನನಗೆ ತಲುಪುವ ಮೊದಲು ಹಿಟ್ಟು ಕೊಳ್ಳಲು ಬಂದವರಿಗೆ, ಸೀಮೆಎಣ್ಣೆ ಕೊಳ್ಳಲು ಬಂದವರಿಗೆ, ಸುಮ್ಮನೆ ಬಂದವರಿಗೆ ತಲುಪಿತ್ತು. ತಾರ್ಮೋ ಟ್ರ್ಯಾಕ್ಟರನ್ನು ಗುಡ್ಡದ ಬುಡದಲ್ಲೇ ಆಫ್ ಮಾಡಿ ನನ್ನ ಹತ್ತಿರ ನಡೆದು ಬಂದ.

“ಮೇಡಂ, ಗುಡ್ಡಕ್ಕೆ ಹೋಗದೋ, ಇಲ್ಲಾ ಬಸ್ ಸ್ಟ್ಯಾಂಡಿಗೆ ಬೋರ್ ಹಾಕದೋ?”

“ಯಾಕೆ?”

“ಕಲ್ಲು ಬಸ್ಸಲ್ಲಿ ಬಂದಿದ್ದಂತಲ್ಲ. ಊರಿಗೆಲ್ಲಾ ಗೊತ್ತು, ನಿಮಗೊಬ್ರಿಗೇ ಗೊತ್ತಿಲ್ಲ ಅನ್ಸತ್ತೆ.”

ಟೆಲಿಗ್ರಾಂ ಹಿಡಿದು ಮನೆಗೆ ಓಡಿದೆ. ಸೈಮಿಯವರು ಹಿಟ್ಟು ನಾದುತ್ತಿದ್ದರು. ನನ್ನನ್ನು ನೋಡಿ ಇನ್ನೂ ಜೋರಾಗಿ ನಾದಿದರು.

“ಯಾಕೆ ಹೇಳಲಿಲ್ಲ ನೀವು?”

“ಹೇಳ್ಬೇಡ ಅಂದಿದ್ರು ಅವರು. ನಿಂಗೆ ಚಿಕ್ಕಮ್ಮನ ನೆನಪಾಗಿ ಬೇಜಾರಾಗತ್ತಂತೆ. ತಾನೇ ಸಮಯ ನೋಡಿ ಹೇಳ್ತೀನಿ ಅಂದ್ರು. ಆ ಮನುಷ್ಯನ ಸಮಯ ನಿಂಗೊತ್ತಲ್ಲ, ಬರೋದೇ ಇಲ್ಲ.”

“ಇದನ್ನ ನಂಬ್ಕೊಂಡು ಗುಡ್ಡಕ್ಕೆ ಬೋರ್ ಹಾಕ್ತಿದ್ದೆ ನಾನು!”

“ಹಾಗಂತ ನನ್ ಹತ್ರ ಹೇಳಿದ್ಯಾ? ನೀವು ಕಂಪನಿಯೋರು ಬಾಯಿ ಬಿಡಲ್ಲ, ನಾನು ಮಾತ್ರ ಬಿಡಬೇಕಾ?”

“ಅಷ್ಟು ವಾಸನೆ ಬರ್ತಿತ್ತಲ್ಲ, ಎಸೆದುಬಿಡೋದಲ್ವಾ?” ಎಂದೆ.

ಸೈಮಿಯವರು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನನ್ನು ದಿಟ್ಟಿಸಿದರು. “ಎರಡು ಚೀಲ ಕಲ್ಲು. ಅಷ್ಟು ದೂರದಿಂದ ಮೂರು ಬಸ್ ಬದಲಾಯಿಸ್ಕೊಂಡು, ಮಂಡಿ ಮುರ್ಕೊಂಡು ತಂದಿದಾರೆ. ವಾಸನೆ ಬಂತು ಅಂತ ಎಸೆಯಕ್ಕಾಗತ್ತೇನೆ?”

ಚಿಕ್ಕಪ್ಪ, ಹೂವು ತರುವವರಿದ್ದಾರೆ, ಚಾಕೊಲೇಟ್ ತರುವವರಿದ್ದಾರೆ. ನೀವು ಗಣಿಯ ಹಿಂದಿನ ರಾಶಿಯಿಂದ ಗಂಧಕ ಆರಿಸಿ ತಂದಿರಿ. ಮೂವತ್ತು ವರ್ಷ ಅದಿರು ನಾಯಿಗಳಿಗೆ ಪಾಠ ಹೇಳಿದ ಮನುಷ್ಯ, ನಾಯಿಯನ್ನು ನನಗೆ ಎರವಲು ಕೊಟ್ಟು, ಮೂಸಿ ನೋಡಲು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕಲ್ಲು ಆರಿಸಲು ಹೊರಟ! ನಾನು ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ಕಚೇರಿಗೆ ಹೋಗಿದ್ದವಳು ನಿಮ್ಮ ಮಂಡಿಗೆ ಮುಲಾಮು ಕೊಳ್ಳುತ್ತಿದ್ದೆ, ಅದೂ ನೆನಪಿರಲಿ.

ನಿರ್ದೇಶಕರಿಗೆ ಫೋನ್ ಮಾಡಲೇಬೇಕಾಯಿತು.

“ನಾಯಿ ತಪ್ಪು ಹೇಳ್ತಾ?”

“ಇಲ್ಲ ಸಾರ್. ನಾಯಿ ಸರಿಯಾಗೇ ಹೇಳ್ತು. ಕಲ್ಲೇ ಬೇರೆ ಊರಿಂದ ಬಂದಿತ್ತು.”

“ಹಾಗಾದ್ರೆ ಈಗ ಎಲ್ಲಿ?”

ಆ ಕ್ಷಣ ನನ್ನ ಬೆನ್ನಿಗೆ ಯಾರೂ ಇರಲಿಲ್ಲ ಚಿಕ್ಕಪ್ಪ. ನಾಯಿ ಇಲ್ಲ, ನೀವಿಲ್ಲ, ಹಿಮಯುಗ ಇಲ್ಲ. ಡಿಸೆಂಬರಿನ ನನ್ನದೇ ನಕ್ಷೆ ಗೋಡೆಯ ಮೇಲಿತ್ತು. ಮೂರನೆಯ ಜಾಗದ ಪಕ್ಕದಲ್ಲಿ ನನ್ನದೇ ಕೈಬರಹ: ಓಗೊಟ್ಟ ಪಟ್ಟೆ ಗಿಡ್ಡ, ಕಾಂತದ ಸೂಜಿಯೂ ಇಲ್ಲಿ ಹೊರಳುತ್ತದೆ. ಪೆನ್ಸಿಲ್ ಸೀಸ ಮೈಲುಗಟ್ಟಲೆ ಉದ್ದ ಹಾಸಿಕೊಂಡಿರುತ್ತದೆ, ಕಾಂತವನ್ನು ಎಳೆಯುವುದಿಲ್ಲ. ಎಳೆಯುವುದು ನಿಕ್ಕಲ್ಲಿನ ಜೊತೆಗಿರುವ ಗಂಧಕ ಬೆರೆತ ಕಬ್ಬಿಣ. ಇದು ನನಗೆ ಗೊತ್ತಿತ್ತು. ಎರಡು ಸಲ ಬಿದ್ದ ಮೇಲೆ ಗೊತ್ತಿದ್ದದ್ದನ್ನೂ ಹೇಳಲು ಹೆದರಿ ನಾಯಿಯ ಹಿಂದೆ ಅಡಗಿದ್ದೆ. ನೀವು ಸೌನಾದ ಹಿಂದೆ ಅಡಗಿದ್ದಿರಿ. ಕುಯಿತ್ತಿನೆನ್ ವಂಶದ ಧೈರ್ಯ ದೊಡ್ಡದು.

“ಮೂರನೇದಕ್ಕೆ,” ಎಂದೆ. “ಜೌಗಿನ ನಡುವೆ.”

ಯಂತ್ರವನ್ನು ಗುಡ್ಡದ ಬುಡದಿಂದ ತಿರುಗಿಸಿ ಜೌಗಿಗೆ ಎಳೆದೆವು. ಮಂಜುಗಡ್ಡೆಯ ಮೇಲೆ ಆಗಲೇ ನೀರು ನಿಂತಿತ್ತು. ತಾರ್ಮೋ ಮರದ ದಿಮ್ಮಿಗಳನ್ನು ಹಾಸಿ, “ಇದು ಮುಳುಗಿದ್ರೆ ಮೇಡಂ, ಕಂಪನಿಗೆ ಯಂತ್ರದ ಅದಿರೇ ಸಿಗತ್ತೆ” ಎನ್ನುತ್ತಾ ಕೊರೆಯಲು ಶುರು ಮಾಡಿದ. ಬೂದುಕಲ್ಲು ಬಂತು. ಮತ್ತೆ ಬೂದುಕಲ್ಲು. ಆಮೇಲೆ ಕಪ್ಪು, ಭಾರದ ಕಲ್ಲು. ಒಂದು ಬೆಳಿಗ್ಗೆ ತಾರ್ಮೋ ಮಾತಾಡುವುದನ್ನು ನಿಲ್ಲಿಸಿದ. ಅವನು ಸುಮ್ಮನಾದದ್ದು ಯಂತ್ರ ನಿಂತದ್ದಕ್ಕಿಂತ ಭಯಂಕರವಾಗಿ ಕೇಳಿಸಿತು. ಓಡಿ ಹೋದೆ. ಕೊಳವೆಯಿಂದ ಜಾರಿಸಿದ ಕಲ್ಲಿನ ಕೋಲನ್ನು ಕೈಯಿಂದ ಒರೆಸಿ, ಅಂಗೈ ನನ್ನ ಮುಖದ ಮುಂದೆ ಹಿಡಿದ. ಅಂಗೈ ಶುಭ್ರವಾಗಿತ್ತು.

“ಮೇಡಂ,” ಎಂದ, “ಪೆನ್ಸಿಲ್ ಅಲ್ಲ.”

ಕಂಚಿನ ಬಣ್ಣ. ನನ್ನ ತೋಳಿನುದ್ದ ಗಟ್ಟಿಯಾಗಿ, ಅದರ ಕೆಳಗೆ ಮೀಟರುಗಟ್ಟಲೆ ಚುಕ್ಕೆಚುಕ್ಕೆಯಾಗಿ. ಕಾಗದ ಗುಲಾಬಿಯಾಯಿತು. ಆದರೂ ನನಗೆ ನಂಬಿಕೆ ಬರಲಿಲ್ಲ. ಟೆಸ್ಸುವನ್ನು ತರಿಸಿದೆ. ಅದು ಬಂದು ಕುಳಿತು, ಬೊಗಳಿ, ದಿಮ್ಮಿಯನ್ನೇ ಕೆರೆಯಿತು. ಇಡೀ ಬಿಸ್ಕತ್ತು ಪೊಟ್ಟಣ ಕೊಟ್ಟೆ. ಇದು ಗಣಿಯಾಗುತ್ತದೆ ಎಂದು ಈಗಲೇ ಯಾರೂ ಹೇಳಲಾರರು. ಆದರೆ ಮುಂದಿನ ಚಳಿಗಾಲಕ್ಕೆ ಇನ್ನೂ ಆರು ಬೋರ್ ಕೊಟ್ಟಿದ್ದಾರೆ, ತಂಡ ನನ್ನದೇ. ನಕ್ಷೆಕೋಣೆಯವರಿಗೆ ಅವರ ಕಿಟಕಿಯಿಲ್ಲದ ಗೋಡೆಯನ್ನು ಹಿಂದಿರುಗಿಸಿದ್ದೇನೆ.

ನಿಮ್ಮ ಟೆಲಿಗ್ರಾಂ ಬಾರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಊರೆಲ್ಲ ಓದುತ್ತದೆ ಎಂದು ನಿಮಗೆ ಗೊತ್ತಿತ್ತು. ಆದರೂ ಕಳಿಸಿದಿರಿ.

ಈಗ ನೀವು ಒದ್ದಾಡುವುದನ್ನು ನಿಲ್ಲಿಸಬಹುದು.

ನಿಮ್ಮ
ಸಿನಿಕ್ಕಾ


ಕಿವಿಸಾಲ್ಮಿ
17 ಏಪ್ರಿಲ್

ಪುಟ್ಟಿ,

ನಿನ್ನ ಪತ್ರವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿದೆ. ಪಕ್ಕದ ಮನೆಯಾತ “ಏನ್ರೀ, ಲಾಟರಿ ಹೊಡೀತಾ?” ಎಂದ. ನಮ್ಮ ಹುಡುಗಿಗೆ ಕಂಚಿನ ಬಣ್ಣ ಸಿಕ್ಕಿತು ಎಂದೆ. ಈ ಊರಿನಲ್ಲಿ ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಆತ ಟೋಪಿ ತೆಗೆದ.

ಆಗಸ್ಟಿನಲ್ಲಿ ಸೈಮಿ ತನ್ನ ಒಲೆಯ ಕಲ್ಲು ಪುಡಿಯಾಗುತ್ತಿದೆ, ಒಳ್ಳೆಯ ಕಲ್ಲು ಸಿಗುತ್ತಿಲ್ಲ ಎಂದಿದ್ದಳು. ಮನೆಗೆ ಬಂದ ಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನಿನಗೆ ಹೇಳೋಣವೆಂದು ಕೂತರೆ ಎದುರಿಗೆ ಆ ನೀಲಿ ಲೋಟ. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಮಡಿಲಿಗೆ ಹಾಕಿಕೊಂಡವಳು ಎಲ್ವಿ. ಅವಳ ಜಾಗಕ್ಕೆ ಇನ್ನೊಬ್ಬಳು ಎಂದು ನಿನಗೆ ಅನಿಸಿದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಜಾಗ ಬೇರೆ, ಪುಟ್ಟಿ. ಅದನ್ನು ಹೇಗೆ ಬಿಡಿಸಿ ಹೇಳುವುದು ಎಂದು ಮಾತ್ರ ತಿಳಿಯಲಿಲ್ಲ. ನಾಯಿಗಳ ಜೊತೆ ಬದುಕಿದವನು, ಬೊಗಳಿ ನೆಲ ಕೆರೆಯುವುದಷ್ಟೇ ಗೊತ್ತು.

ಟೆಲಿಗ್ರಾಂ ಬರೆಯುವ ಮೊದಲು ಲೋಟದ ಮುಂದೆ ಕೂತು ಎಲ್ವಿಗೆ ಎಲ್ಲ ಹೇಳಿದೆ. ಅವಳಿದ್ದಿದ್ದರೆ ಏನನ್ನುತ್ತಿದ್ದಳೆಂದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಅಯ್ಯೋ ದಡ್ಡ, ಹುಡುಗಿಯ ಬೋರ್ ಮೊದಲು ಉಳಿಸು.”

ಜೂನಿನ ಮಧ್ಯಬೇಸಗೆ ಹಬ್ಬಕ್ಕೆ ಬರಲೇ? ಈ ಸಲ ಹಗಲಲ್ಲೇ, ಎಲ್ಲರ ಎದುರಿಗೇ ಬಸ್ಸಿನಿಂದ ಇಳಿಯುತ್ತೇನೆ. ನೀನು ಬೇಡ ಎಂದರೆ ಮಂಡಿ ನೋವು ಎಂದು ಹೇಳಿ ಇಲ್ಲೇ ಇರುತ್ತೇನೆ.

ಆ ಕಲ್ಲುಗಳನ್ನು ದಯವಿಟ್ಟು ಎಸೆಯಲು ಹೇಳು.

ಚಿಕ್ಕಪ್ಪ


ಕೆಲೊವಾರಾ
4 ಜೂನ್

ಪ್ರೀತಿಯ ಚಿಕ್ಕಪ್ಪ,

ಮಂಡಿ ನೋವಿನ ನೆಪವನ್ನು ಕಂಪನಿ ತಿರಸ್ಕರಿಸಿದೆ. ಬನ್ನಿ.

ಕಲ್ಲುಗಳನ್ನು ಎಸೆಯಲು ಸೈಮಿಯವರು ಒಪ್ಪಲಿಲ್ಲ. ಒಲೆಯಿಂದ ತೆಗೆದು, ತೊಳೆದು, ಮೆಟ್ಟಿಲಿನ ಪಕ್ಕ ಹೂವಿನ ಪಾತಿಯ ಸುತ್ತ ಜೋಡಿಸಿದ್ದಾರೆ. ಟೆಸ್ಸು ದಿನಾ ಬೆಳಿಗ್ಗೆ ಅವಕ್ಕೆ ಒಂದು ಸುತ್ತು ಬೊಗಳಿ ಹಾಜರಿ ಹಾಕುತ್ತದೆ.

ಹೊಸ ಕಲ್ಲು ತರುವ ಹೊಣೆ ನಾನು ವಹಿಸಿಕೊಂಡೆ. ಹಿಮ ಕರಗಿದ ಮೇಲೆ ಮನೆಯ ಹಿಂದಿನ ಗುಡ್ಡ ಹತ್ತಿದೆ, ಇನ್ನೇನು ಬೋರ್ ಹಾಕಿಯೇ ಬಿಡುತ್ತಿದ್ದೆನಲ್ಲ, ಅದೇ ಗುಡ್ಡ. ಕಪ್ಪಗೆ, ಭಾರವಾಗಿ, ಸುಂದರವಾದ ಕಲ್ಲುಗಳು. ಒಂದೊಂದನ್ನೂ ಟೆಸ್ಸುವಿನ ಮೂಗಿನ ಮುಂದೆ ಹಿಡಿದೆ. ಅದು ಆಕಳಿಸಿತು. ಇನ್ನೊಂದು ಹಿಡಿದೆ, ಮುಖ ತಿರುಗಿಸಿತು. ಕೊನೆಗೆ ಬೇಜಾರಾಗಿ ಮಲಗಿಯೇಬಿಟ್ಟಿತು. ಆ ಗುಡ್ಡದಲ್ಲಿ ಒಂದು ಚುಕ್ಕೆ ಅದಿರೂ ಇಲ್ಲ ಚಿಕ್ಕಪ್ಪ. ನನ್ನ ಕೊನೆಯ ಬೋರ್ ಅಲ್ಲಿ ಸದ್ದಿಲ್ಲದೆ ಸಾಯುತ್ತಿತ್ತು. ಅದಿರು ಹುಡುಕುವವರಿಗೆ ಅದಕ್ಕಿಂತ ಕೆಟ್ಟ ಕಲ್ಲಿಲ್ಲ, ಸೌನಾಕ್ಕೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಶನಿವಾರ ಒಲೆ ಹೊತ್ತಿಸಿದೆವು. ಹಬೆ ಮೃದುವಾಗಿ ಬಂತು, ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಯ ವಾಸನೆ ಬಿಟ್ಟು ಬೇರೆ ವಾಸನೆಯೇ ಇಲ್ಲ. ಸೌನಾದ ನೆಗಡಿ ವಾಸಿಯಾಯಿತು ಎಂದೆ. ಸೈಮಿಯವರು ಕಲ್ಲಿಗೆ ಇನ್ನೊಂದು ಸೌಟು ನೀರು ಹಾಕಿ, “ಅದೂ ಅಭ್ಯಾಸ ಆಗಿತ್ತು” ಎಂದರು.

ಬರುವಾಗ ನೀಲಿ ಲೋಟವನ್ನೂ ತನ್ನಿ. ಇಲ್ಲಿ ಕಪಾಟಿನ ಮೇಲಿನ ಸಾಲಿನಲ್ಲಿ ಜಾಗ ಮಾಡಿಟ್ಟಿದ್ದಾರೆ. ಅದರಲ್ಲಿ ತಾವು ಕುಡಿಯುವುದಿಲ್ಲವಂತೆ, ಯಾರಿಗೂ ಕೊಡುವುದೂ ಇಲ್ಲವಂತೆ. “ಏಳು ವರ್ಷ ಅವಳ ಎದುರಿಗೇ ಕಾಫಿ ಕುಡಿದೋರು, ಇಲ್ಲಿ ಬಂದು ಒಬ್ರೇ ಕುಡಿಯೋದು ಬೇಡ” ಎಂದರು.

ಈ ಮಾತು ಕೇಳಿದ ಮೇಲೆ ಅವರನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ನನಗೆ ಉಳಿಯಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಕರೆದೂ ಬಿಟ್ಟೆ. ಅವರು ಸಾರಿನ ಸೌಟನ್ನು ಕೈತಪ್ಪಿ ನೆಲಕ್ಕೆ ಬೀಳಿಸಿದರು. ಟೆಸ್ಸುವಿಗೆ ಲಾಭವಾಯಿತು.

ಬಸ್ಸು ಮಧ್ಯಾಹ್ನ ಬರುತ್ತದೆ. ನಾವು ಮೂವರೂ ನಿಲ್ದಾಣದಲ್ಲಿರುತ್ತೇವೆ. ಚೀಲದಲ್ಲಿ ಕಲ್ಲಿದ್ದರೆ ಇಳಿಯುವ ಮೊದಲೇ ನಾಯಿ ಹೇಳುತ್ತದೆ.

ನಿಮ್ಮ ಸಿನಿಕ್ಕಾ,
ಪಕ್ಕದಲ್ಲಿ ಕೂತು ಇದನ್ನೆಲ್ಲ ಬರೆಸಿದ ಸೈಮಿ ಚಿಕ್ಕಮ್ಮನ ಪರವಾಗಿಯೂ